ದುಡ್ಡು ಕೊಡದ ಜರ್ನಲ್ ಇಂಟರ್ನ್‌ಶಿಪ್‌ಗೆ ಸೇರಬಹುದಾ?

ಪ್ರಶ್ನೆ: ಮೇಡಂ, ನಾನು ಎಂಎ ಓದ್ತಿದೀನಿ. ಒಂದು ರಿಸರ್ಚ್ ಜರ್ನಲ್‌ಗೆ ಎಡಿಟೋರಿಯಲ್ ಇಂಟರ್ನ್ ಬೇಕು ಅಂತ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಬಂದಿದೆ. ಮನೆಯಿಂದಲೇ ಕೆಲಸ, 3 ತಿಂಗಳು, ಸ್ಟೈಪೆಂಡ್ ಇಲ್ಲ, ಕೊನೇಲಿ ಸರ್ಟಿಫಿಕೇಟ್ ಕೊಡ್ತಾರಂತೆ. ಸೇರ್ಲಾ ಬೇಡ್ವಾ?

ಸೇರೋಕ್ ಮುಂಚೆ ಅವರಿಗೆ ಒಂದೇ ಒಂದು ಪ್ರಶ್ನೆ ಕೇಳಿ: ನಾನು ಮಾಡಿದ ಕೆಲಸನ ಯಾರು ನೋಡಿ ತಿದ್ತಾರೆ? ಇಂಥವರು ಅಂತ ಹೆಸರು ಹೇಳಿದ್ರೆ ಧೈರ್ಯವಾಗಿ ಸೇರ್ಕೊಳ್ಳಿ. "ಟೀಮ್ ಇದೆ, ಗೈಡ್ ಮಾಡ್ತಾರೆ" ಅಂತ ತೇಲಿಸಿ ಮಾತಾಡಿದ್ರೆ ಬಿಟ್ಬಿಡಿ, ಅಂಥ ಕಡೆ ನಿಮ್ಮಿಂದ ಬಿಟ್ಟಿ ಕೆಲಸ ತಗೊಂಡು ಕಳಿಸ್ತಾರೆ ಅಷ್ಟೇ.

ಯಾಕೆ ಇಷ್ಟು ಖಡಾಖಂಡಿತವಾಗಿ ಹೇಳ್ತೀನಿ ಅಂದ್ರೆ, ನಾನು ಈ ಕೆಲಸ ಕಲ್ತಿದ್ದೇ ಹೀಗೆ ಸಂಬಳ ಇಲ್ದೆ. ಶುರುವಾದ ಎರಡನೇ ವಾರ, ಒಂದು ಪೇಪರನ್ನ ರಿವ್ಯೂಗೆ, ಅಂದ್ರೆ ಆ ವಿಷ್ಯ ಗೊತ್ತಿರೋರು ಓದಿ ಪರಿಶೀಲಿಸೋಕೆ, ರೆಡಿ ಮಾಡು ಅಂದ್ರು. ಡಬಲ್ ಬ್ಲೈಂಡ್ ರಿವ್ಯೂ, ಅಂದ್ರೆ ಬರೆದೋರು ಯಾರು ಅಂತ ರಿವ್ಯೂವರ್‌ಗೆ ಗೊತ್ತಾಗ್ಬಾರ್ದು, ರಿವ್ಯೂವರ್ ಯಾರು ಅಂತ ಬರೆದೋರಿಗೂ ಗೊತ್ತಾಗ್ಬಾರ್ದು. ನಾನು ಮೊದಲ ಪುಟದಲ್ಲಿದ್ದ ಹೆಸರು, ಕಾಲೇಜು ಎಲ್ಲ ತೆಗೆದೆ, ಕೃತಜ್ಞತೆಯ ಪ್ಯಾರಾನೂ ತೆಗೆದೆ, ಮುಗೀತು ಅನ್ಕೊಂಡು ಕಳಿಸ್ದೆ. ರಾತ್ರಿ ಎಡಿಟರ್ ಫೋನ್ ಮಾಡಿ, ವರ್ಡ್ ಫೈಲ್ ತೆಗೆದು ಫೈಲ್ ಮೆನುನಲ್ಲಿ ಇನ್ಫೋ ಒತ್ತಮ್ಮ ಅಂದ್ರು. ಬಲಗಡೆ ಆಥರ್ ಅಂತ ಇರೋ ಕಡೆ ಪೂರ್ತಿ ಹೆಸರು ಹಾಗೇ ಕೂತಿತ್ತು. ಆಮೇಲೆ ಒಳಗೆ "ನನ್ನ ಹಿಂದಿನ ಅಧ್ಯಯನದಲ್ಲಿ ತೋರಿಸಿದಂತೆ" ಅಂತ ಒಂದು ಸಾಲು, ಪಕ್ಕದಲ್ಲೇ ಹೆಸರು, ವರ್ಷ. ಬೈಲಿಲ್ಲ ಅವರು, ಅರ್ಧ ಗಂಟೆ ಫೋನಲ್ಲೇ ಕೂತು ಇನ್ನೆಲ್ಲೆಲ್ಲಿ ಹೆಸರು ಉಳ್ಕೊಳ್ಳುತ್ತೆ ಅಂತ ತೋರಿಸಿದ್ರು, ಟ್ರ್ಯಾಕ್ ಚೇಂಜಸ್‌ನಲ್ಲಿ, ಕಾಮೆಂಟಲ್ಲಿ, ಫೈಲಿನ ಹೆಸರಲ್ಲಿ. ಆ ಅರ್ಧ ಗಂಟೆ ಇವತ್ತಿಗೂ ನನಗೆ ಅನ್ನ ಹಾಕ್ತಿದೆ.

ಇಂಟರ್ನ್‌ಗೆ ಕೊಡೋ ಕೆಲಸ ಹೆಚ್ಚುಕಮ್ಮಿ ಇದೇ ಥರದ್ದು. ರೆಫರೆನ್ಸ್ ಚೆಕ್ ಮಾಡೋದು ಅದ್ರಲ್ಲಿ ಜಾಸ್ತಿ ಇರುತ್ತೆ, ಬೇಜಾರಿನ ಕೆಲಸ ಅನ್ಸುತ್ತೆ ಆದ್ರೆ ಕಣ್ಣು ಪಳಗೋದು ಅಲ್ಲೇ. ರೆಫರೆನ್ಸ್ ಪಟ್ಟಿಯಲ್ಲಿರೋ ಡಿಒಐನ, ಅಂದ್ರೆ ಒಂದೊಂದು ಪೇಪರ್‌ಗೂ ಕೊಡೋ, 10ರಿಂದ ಶುರುವಾಗೋ ಗುರುತಿನ ನಂಬರನ್ನ, ಬ್ರೌಸರಲ್ಲಿ ಹಾಕಿದ್ರೆ ಕೆಲವು ಸಲ ಬೇರೆ ಯಾವುದೋ ಪೇಪರ್ ತೆರ್ಕೊಳ್ಳುತ್ತೆ, ಕೆಲವು ಸಲ ಏನೂ ಬರಲ್ಲ, ಈಗಂತೂ ಎಐ ಹುಟ್ಟಿಸಿದ, ಇಲ್ಲದೇ ಇರೋ ಪೇಪರ್‌ಗಳೂ ಪಟ್ಟಿಯೊಳಗೆ ಸೇರ್ಕೊಂಡ್ಬಿಡುತ್ವೆ. ಇದಲ್ದೆ ಕಾಪಿ ಎಡಿಟಿಂಗ್, ಪ್ರೂಫ್ ನೋಡೋದು, ಓಜೆಎಸ್‌ಗೆ ಅಪ್‌ಲೋಡ್ ಮಾಡೋದು ಇರುತ್ತೆ. ಓಜೆಎಸ್ ಅಂದ್ರೆ ಓಪನ್ ಜರ್ನಲ್ ಸಿಸ್ಟಮ್ಸ್, ಕೆನಡಾದ ಪಬ್ಲಿಕ್ ನಾಲೆಜ್ ಪ್ರಾಜೆಕ್ಟ್‌ನೋರು ಮಾಡಿರೋ ಉಚಿತ ಸಾಫ್ಟ್‌ವೇರ್, ತುಂಬಾ ಜರ್ನಲ್‌ಗಳು ಇದ್ರಲ್ಲೇ ನಡೀತಾವೆ, ಕಲ್ತಿದ್ರೆ ಎಲ್ಲಿ ಹೋದ್ರೂ ಉಪಯೋಗಕ್ಕೆ ಬರುತ್ತೆ.

ವಿದ್ಯಾರ್ಥಿಗಳು ಜರ್ನಲ್ ಕೆಲಸ ಮಾಡೋದು ಹೊಸದೇನಲ್ಲ. ಅಮೆರಿಕದ ಹಾರ್ವರ್ಡ್ ಲಾ ರಿವ್ಯೂ ಅನ್ನೋ ಕಾನೂನು ಜರ್ನಲ್ 1887ರಿಂದ ವಿದ್ಯಾರ್ಥಿಗಳ ಕೈಯಲ್ಲೇ ಇದೆ, ನಮ್ಮ ನಾಗರಬಾವಿಯ ಲಾ ಸ್ಕೂಲಿನ ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ರಿವ್ಯೂನ ಎಡಿಟ್ ಮಾಡೋದೂ ಅಲ್ಲಿನ ವಿದ್ಯಾರ್ಥಿಗಳೇ.

ಆದ್ರೆ ಮೋಸದ ಕಡೆನೂ ಇವೆ. ಸೇರೋಕೆ ಅಥವಾ ಸರ್ಟಿಫಿಕೇಟ್‌ಗೆ ಫೀಸ್ ಕೇಳಿದ್ರೆ ಅಲ್ಲಿಗೇ ನಿಲ್ಸಿ. ವಾರಕ್ಕೆ ಇಷ್ಟು ಪೇಪರ್ ತರ್ಬೇಕು, ನಿಮ್ಮ ಪ್ರೊಫೆಸರ್‌ಗಳಿಗೆ ಮೇಲ್ ಹಾಕಿ ಅಂತ ಟಾರ್ಗೆಟ್ ಕೊಟ್ರೆ ಅದು ಎಡಿಟಿಂಗ್ ಕೆಲಸನೇ ಅಲ್ಲ, ಗಿರಾಕಿ ಹಿಡಿಯೋ ಕೆಲಸ. ಮೊದಲ ದಿನವೇ ಅಸೋಸಿಯೇಟ್ ಎಡಿಟರ್ ಅಂತ ಪಟ್ಟ ಕಟ್ಟಿದ್ರೂ ಹುಷಾರು, ಮುಂದೆ ಆ ಜರ್ನಲ್‌ನ ಬಂಡವಾಳ ಬಯಲಾದ್ರೆ ನಿಮ್ಮ ಹೆಸರೂ ಅದ್ರ ಜೊತೆ ಅಂಟ್ಕೊಂಡಿರುತ್ತೆ. "ನಮಗೆ ಐಎಸ್‌ಎಸ್‌ಎನ್ ಇದೆ" ಅನ್ನೋ ಮಾತಿಗೆ ಮರುಳಾಗ್ಬೇಡಿ, ಅದು ಪತ್ರಿಕೆಯನ್ನ ಗುರುತಿಸೋಕೆ ಕೊಡೋ 8 ಅಂಕಿಯ ನಂಬರ್, ಗುಣಮಟ್ಟಕ್ಕೂ ಅದಕ್ಕೂ ಸಂಬಂಧ ಇಲ್ಲ. ಯುಜಿಸಿ-ಕೇರ್ ಲಿಸ್ಟಲ್ಲಿ, ಅಂದ್ರೆ ಯುಜಿಸಿ ಒಪ್ಪಿದ ಜರ್ನಲ್‌ಗಳ ಪಟ್ಟಿಯಲ್ಲಿ, ಇದೀವಿ ಅಂತ ಹೇಳೋರೂ ಇದಾರೆ, ಆ ಲಿಸ್ಟನ್ನ ನಿಲ್ಲಿಸಿದೀವಿ ಅಂತ ಯುಜಿಸಿನೇ 2025ರಲ್ಲಿ ಹೇಳಿಯಾಗಿದೆ. ಓಪನ್ ಆಕ್ಸೆಸ್, ಅಂದ್ರೆ ಯಾರು ಬೇಕಾದ್ರೂ ದುಡ್ಡು ಕೊಡದೆ ಓದಬಹುದಾದ ಜರ್ನಲ್ ಆಗಿದ್ರೆ ಡಿಒಎಜೆನಲ್ಲಿ (ಡೈರೆಕ್ಟರಿ ಆಫ್ ಓಪನ್ ಆಕ್ಸೆಸ್ ಜರ್ನಲ್ಸ್) ಹುಡುಕಿ ನೋಡಿ, 2003ರಲ್ಲಿ ಸ್ವೀಡನ್‌ನ ಲುಂಡ್ ಯೂನಿವರ್ಸಿಟಿಯಲ್ಲಿ ಶುರುವಾದ ಪಟ್ಟಿ ಅದು, ಅರ್ಜಿ ಹಾಕಿದ ಜರ್ನಲ್‌ಗಳನ್ನ ಪರಿಶೀಲಿಸೋರಲ್ಲಿ ಮನೆಯಿಂದಲೇ ಕೆಲಸ ಮಾಡೋ ವಾಲಂಟಿಯರ್‌ಗಳೂ ಇದಾರೆ.

ಇನ್ನೊಂದು ಮಾತು, ಇದು ನನಗೆ ನಿಜವಾಗ್ಲೂ ಸಂಕಟ ಆಗೋ ವಿಷ್ಯ. ಪೇಪರ್ ಪ್ರಕಟಿಸೋಕೆ ಲೇಖಕರಿಂದ ಸಾವಿರಾರು ರೂಪಾಯಿ ತಗೊಳ್ಳೋ ಪ್ರಕಾಶಕರು ಇಂಟರ್ನ್‌ಗೆ ಮಾತ್ರ ದುಡ್ಡಿಲ್ಲ ಅನ್ನೋದು ನ್ಯಾಯ ಅಲ್ಲ. ನಾಲ್ಕು ಜನ ಮೇಷ್ಟ್ರು ಸೇರಿ, ಯಾರ ಹತ್ರನೂ ಫೀಸ್ ತಗೊಳ್ದೆ ನಡೆಸೋ ಪತ್ರಿಕೆಗೆ ಬಿಟ್ಟಿ ದುಡಿಯೋದು ಬೇರೆ. ಮನೆಯಲ್ಲಿ ದುಡ್ಡಿನ ತೊಂದ್ರೆ ಇದ್ರೆ ಯಾವುದಕ್ಕೂ ಸೇರ್ದೆ ಟ್ಯೂಷನ್ ಹೇಳಿದ್ರೂ ತಪ್ಪಿಲ್ಲ, ಯಾರೂ ನಿಮ್ಮನ್ನ ಕಮ್ಮಿ ಅನ್ಕೊಳ್ಳಲ್ಲ.

ಮೊದಲು ಕೈ ಪಳಗಿಸ್ಕೊಬೇಕು ಅಂದ್ರೆ ಕನ್ನಡ ವಿಕಿಸೋರ್ಸ್‌ಗೆ ಹೋಗಿ. ಎಡಕ್ಕೆ ಅಕ್ಷರ, ಬಲಕ್ಕೆ ಹಳೇ ಪುಸ್ತಕದ ಸ್ಕ್ಯಾನ್ ಪುಟ, ಎರಡನ್ನೂ ಹೋಲಿಸಿ ತಿದ್ದೋದು. ನೀವು ತಿದ್ದಿದ ಪುಟ ಹಳದಿ ಆಗುತ್ತೆ, ಇನ್ನೊಬ್ರು ನೋಡಿ ಸರಿ ಅಂದ್ಮೇಲೆ ಹಸಿರಾಗುತ್ತೆ. ಒಂದಿಪ್ಪತ್ತು ಪುಟ ಹಸಿರಾದ್ಮೇಲೆ ಆ ಲಿಂಕನ್ನೇ ನಿಮ್ಮ ಅರ್ಜಿ ಜೊತೆ ಹಾಕಿ ಕಳಿಸಿ, ಪರೀಕ್ಷೆ ಯಾವಾಗ, ವಾರಕ್ಕೆ ಎಷ್ಟು ಗಂಟೆ ಕೊಡೋಕಾಗುತ್ತೆ ಅನ್ನೋದನ್ನೂ ಅದೇ ಮೇಲ್‌ನಲ್ಲಿ ಬರೀರಿ.