ಗಾಡಿ ಎಳೀತಿಲ್ಲ, ಗಾಳಿ ಎಲ್ಲಿ ಹೋಯಿತು?

ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ಕೊಂಡವರ ದೂರು ಹೆಚ್ಚಾಗಿ ಒಂದೇ: "ಪಿಕಪ್ ಇಲ್ಲ." ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತದೆ. ನಾಲ್ಕು ಜನ ಕೂತು, ಏಸಿ ಹಾಕಿಕೊಂಡು ಹೈವೇಯಲ್ಲಿ ಚಿತ್ರದುರ್ಗದ ಕಡೆ ಹೊರಟಾಗ ಒಂದು ಏರು ಸಿಕ್ಕರೆ ಸಾಕು, ಆಕ್ಸಿಲರೇಟರ್ ಎಷ್ಟು ಒತ್ತಿದರೂ ಗಾಡಿ ಎಳೆಯುವುದಿಲ್ಲ.

ಮನೆಯವರು ದೃಷ್ಟಿ ಆಗಿದೆ ಅನ್ನುತ್ತಾರೆ. ಚಕ್ರದಡಿ ಮತ್ತೆ ನಿಂಬೆಹಣ್ಣು ಇಡುತ್ತಾರೆ. ಯಾರೋ ನಂಬರ್ ಪ್ಲೇಟ್ ಕೂಡಿಸಿ ಎಂಟು ಬಂತು, ಶನಿ ಅನ್ನುತ್ತಾರೆ. ಇವುಗಳಿಂದ ಕಾರಿಗೇನೂ ನಷ್ಟವಿಲ್ಲ ಬಿಡಿ. ನನಗೆ ಸಿಟ್ಟು ಬರುವುದು ಗ್ಯಾರೇಜಿನ ಮೂಢನಂಬಿಕೆಯ ಮೇಲೆ. ಏನನ್ನೂ ಅಳೆಯದೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಕ್ಲೀನ್ ಮಾಡುವುದು, ಸೆನ್ಸಾರ್ ಬದಲಿಸುವುದು, ಅದೂ ಆಗದಿದ್ದರೆ ಇನ್ನೊಂದು ಸೆನ್ಸಾರ್. ಇದಕ್ಕೂ ನಿಂಬೆಹಣ್ಣಿಗೂ ವ್ಯತ್ಯಾಸ ಬಿಲ್ಲಿನಲ್ಲಿ ಮಾತ್ರ.

ಎಲ್ಲರ ಕಣ್ಣೂ ಡೀಸೆಲ್ ಮೇಲೆ. ಗಾಳಿಯನ್ನು ಕೇಳುವವರೇ ಇಲ್ಲ. ಒಂದು ಲೀಟರ್ ಡೀಸೆಲ್ ಪೂರ್ತಿ ಉರಿಯಲು ಸುಮಾರು 12 ಕೆ.ಜಿ. ಗಾಳಿ ಬೇಕು. ಲೀಟರ್ ಲೆಕ್ಕದಲ್ಲಿ ಹತ್ತು ಸಾವಿರ! ಏರಿನಲ್ಲಿ ಹೆಚ್ಚು ಡೀಸೆಲ್ ಉರಿಸಲು ಬೇಕಾದಷ್ಟು ಗಾಳಿಯನ್ನು ಸಣ್ಣ ಎಂಜಿನ್ ಸುಮ್ನೆ ಎಳೆದುಕೊಳ್ಳಲಾರದು. ಅದಕ್ಕೇ ಟರ್ಬೊ. ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗುತ್ತದೆ, ಅದೇ ಕಡ್ಡಿಗೆ ಸಿಕ್ಕಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒಳಗೆ ನೂಕುತ್ತದೆ. ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೇಲೆ.

ಇದಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲೇ ಪೇಟೆಂಟ್ ಪಡೆದಿದ್ದ. ಜನ ನಂಬಿದ್ದು ಮಾತ್ರ ತಡವಾಗಿ. 1918ರಲ್ಲಿ ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್ ಒಂದು ವಿಮಾನದ ಎಂಜಿನ್ನನ್ನು ಲಾರಿಯ ಮೇಲೆ ಹೇರಿಕೊಂಡು ಪೈಕ್ಸ್ ಪೀಕ್ ಎಂಬ ಪರ್ವತ ಹತ್ತಿಸಿದ. ಎತ್ತರ 4,300 ಮೀಟರ್. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಅಲ್ಲಿ 230ಕ್ಕೆ ಇಳಿಯಿತು. ಟರ್ಬೊ ಜೋಡಿಸಿದರೆ 356! ಇಂಧನ ಅದೇ, ಎಂಜಿನ್ ಅದೇ. ಬದಲಾಗಿದ್ದು ಗಾಳಿ ಒಂದೇ.

ಈಗ ನಮ್ಮ ಕಾರಿಗೆ ಬರೋಣ. ಟರ್ಬೊದಿಂದ ಆ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್ನಿಗೆ ದಪ್ಪ ರಬ್ಬರ್ ಪೈಪುಗಳಿವೆ. ವರ್ಷಗಟ್ಟಲೆ ಬಿಸಿ ತಿಂದು ಇವು ಸೀಳುತ್ತವೆ. ಊದುಗೊಳವೆಯ ಮಧ್ಯೆ ಬಿರುಕು ಬಿಟ್ಟರೆ ಕೆನ್ನೆ ನೋಯುವಷ್ಟು ಊದಿದರೂ ಒಲೆ ಹತ್ತುವುದಿಲ್ಲ, ಹೊಗೆ ಮಾತ್ರ ಬರುತ್ತದೆ. ಇಲ್ಲೂ ಅದೇ ಕಥೆ. ಹಳೆಯ ಕಾರಾದರೆ ಕರಿ ಹೊಗೆ ಕಾರುತ್ತದೆ. ಹೊಸ ಕಾರಿನ ಕಂಪ್ಯೂಟರ್ ಗಾಳಿ ಸಾಲದು ಅಂತ ತಿಳಿದು ತಾನೇ ಡೀಸೆಲ್ ಕಡಿಮೆ ಮಾಡುತ್ತದೆ. ಪಿಕಪ್ ಹೋಯಿತು.

ಮಜಾ ಇರುವುದು ಇನ್ನು ಮುಂದೆ. ಕಾರು ಐಡಲ್‌ನಲ್ಲಿದ್ದಾಗ ಟರ್ಬೊ ಹೆಚ್ಚೇನೂ ಒತ್ತುವುದಿಲ್ಲ. ಒತ್ತಡವೇ ಇಲ್ಲ ಅಂದಮೇಲೆ ಸೋರುವುದೂ ಇಲ್ಲ, ಅಲ್ವಾ? ಭಾರ ಬಿದ್ದಾಗ ಮಾತ್ರ ಪೈಪು ಉಬ್ಬಿ, ಸೀಳು ಬಾಯಿ ಬಿಡುತ್ತದೆ. ಮೆಕ್ಯಾನಿಕ್ ಗ್ಯಾರೇಜಿನ ನೆರಳಿನಲ್ಲಿ ರೇಸ್ ಮಾಡಿ, "ಏನೂ ಇಲ್ರೀ ಸರ, ಗಾಡಿ ಚಲೋ ಐತಿ" ಅನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ನೋಡಿದ ಜಾಗ ತಪ್ಪು, ಅಷ್ಟೇ.

ಸ್ಟೇರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿದರೆ ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಫೋನಿನಲ್ಲಿ ತೋರಿಸುವ ಬ್ಲೂಟೂತ್ ಸ್ಕ್ಯಾನರ್ ಈಗ ಅಗ್ಗ. ಮೊದಲು ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ, ಮ್ಯಾನಿಫೋಲ್ಡ್ ಒತ್ತಡ, ಅಂದರೆ ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ನೋಡಿ. ಮಂಗಳೂರಿನಲ್ಲಾದರೆ 101 ಕಿಲೋಪಾಸ್ಕಲ್ ಆಸುಪಾಸು ಬರಬೇಕು. ಸುಮಾರು 600 ಮೀಟರ್ ಎತ್ತರದ ದಾವಣಗೆರೆಯಲ್ಲಿ 94, ಇನ್ನೂ ಎತ್ತರದ ಚಿತ್ರದುರ್ಗದಲ್ಲಿ 93. ಅಂದರೆ ನಿಮ್ಮ ಕಾರಿನೊಳಗೇ ಒಂದು ವಾಯುಭಾರಮಾಪಕ ಇದೆ! ಅದು ಊರಿನ ಒತ್ತಡವನ್ನು ಸರಿಯಾಗಿ ಹೇಳಿದರೆ ಸೆನ್ಸಾರ್ ಮೇಲಿನ ಅನುಮಾನ ಬಹುಪಾಲು ಬಿಟ್ಟಂತೆಯೇ.

ಆಮೇಲೆ ಏರಿನಲ್ಲಿ, ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿ. ಅದೇ ಒತ್ತಡವನ್ನು ಪಕ್ಕದಲ್ಲಿ ಕೂತವರು ಓದಲಿ. ಹೆಚ್ಚಿನ ಟರ್ಬೊ ಡೀಸೆಲ್‌ಗಳಲ್ಲಿ ಅದು 200 ಕಿಲೋಪಾಸ್ಕಲ್ ಆಸುಪಾಸಿಗೆ ಅಥವಾ ಅದಕ್ಕೂ ಮೇಲೆ ಹೋಗಬೇಕು. 120ರಲ್ಲೇ ನಿಂತರೆ ಗಾಳಿ ಒಳಗೆ ಸೇರುತ್ತಿಲ್ಲ. ಕಾರಿನ ಕಂಪ್ಯೂಟರ್ ದೋಷ ಕಂಡಾಗ ದಾಖಲಿಸುವ ಕೋಡ್‌ಗಳಲ್ಲಿ ಪಿ0299 (P0299) ಹೇಳುವುದೂ ಇದನ್ನೇ. ಒತ್ತಡ ಸಾಲದು ಅನ್ನುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಅದಕ್ಕೇ "ಕೋಡ್ ಬಂತು, ಟರ್ಬೊ ಬದಲಿಸಿ" ಅನ್ನುವವರ ಮಾತಿಗೆ ಒಪ್ಪಬೇಡಿ. ಮೊದಲು ಪೈಪುಗಳ ಅಡಿಗೆ ಕೈ ಹಾಕಿ. ಟರ್ಬೊ ದಾಟಿ ಬರುವ ಗಾಳಿಯಲ್ಲಿ ಎಣ್ಣೆಯ ಪಸೆ ಇರುತ್ತದೆ. ಸೀಳಿದ ಕಡೆ ಅದು ಜಿಡ್ಡಾಗಿ, ಮೇಲೆ ನಮ್ಮ ಕೆಂಪು ಧೂಳು ಮೆತ್ತಿರುತ್ತದೆ. ಟರ್ಬೊದ ಒತ್ತಡ ಹೊಂದಿಸುವ ಆಕ್ಚುಯೇಟರ್‌ಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪನ್ನೂ ನೋಡಿ. ಏರ್ ಫಿಲ್ಟರ್ ಬಿಚ್ಚುವುದನ್ನಂತೂ ಮರೆಯಬೇಡಿ. ಮೆಕ್ಕೆಜೋಳದ ಒಕ್ಕಣೆ ರಸ್ತೆ ಮೇಲೇ ನಡೆಯುವ ಸೀಮೆ ಇದು.

ಒತ್ತಡ ಸರಿಯಾಗಿ ಏರಿಯೂ ಶಕ್ತಿ ಇಲ್ಲವೇ? ಆಗ ಡೀಸೆಲ್ ಫಿಲ್ಟರ್, ರೈಲ್ ಪ್ರೆಷರ್ (ಇಂಜೆಕ್ಟರ್‌ಗಳಿಗೆ ಹೋಗುವ ಡೀಸೆಲ್ಲಿನ ಒತ್ತಡ) ಕಡೆ ತಿರುಗಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಅದು ಕ್ಲಚ್, ಎಂಜಿನ್ನಿನ ತಪ್ಪೇ ಅಲ್ಲ.

ಕೊಳ್ಳುವ ಮೊದಲೇ ನೋಡಬಹುದಾದದ್ದೂ ಒಂದಿದೆ. ಕೋಡ್ ಅಳಿಸಿದ ಮೇಲೆ ಕಾರು ಎಷ್ಟು ಕಿ.ಮೀ. ಓಡಿದೆ ಎಂಬುದನ್ನು ಅನೇಕ ಕಾರುಗಳಲ್ಲಿ ಸ್ಕ್ಯಾನರ್ ತೋರಿಸುತ್ತದೆ. ಆ ಅಂಕಿ ಬರೀ ಹತ್ತೋ ಇಪ್ಪತ್ತೋ ಇದ್ದರೆ, ಮೊನ್ನೆ ಮೊನ್ನೆ ಯಾಕೆ ಅಳಿಸಿದಿರಿ ಅಂತ ಮಾರುವವರನ್ನು ಕೇಳಿ. ಬ್ಯಾಟರಿ ತೆಗೆದಿದ್ದೆವು ಅನ್ನಬಹುದು, ಅದೂ ನಿಜವಿರಬಹುದು. ಹಾಗಾದರೆ ಅಡ್ವಾನ್ಸ್ ಕೊಡುವ ಮುಂಚೆ ಹೈವೇಯಲ್ಲಿ ಒಂದು ಏರು ಹತ್ತಿಸಿ, ಮತ್ತೆ ಸ್ಕ್ಯಾನ್ ಮಾಡಿ.