ವೇಷಧಾರಿ, ಅರ್ಥಧಾರಿ: ರೂಪನಿಷ್ಠೆಯ ಹಿನ್ನೆಲೆ

ಉಡುಪಿಯ ಮದುವೆಮನೆಯಲ್ಲಿ ಹೊಟ್ಟೆ ತುಂಬಿದವರ ಎಲೆಗೂ ‘ಶಾಸ್ತ್ರಕ್ಕೆ’ ಎಂದು ಒಂದು ಸೌಟು ಪಾಯಸ ಬೀಳುತ್ತದೆ. ರಥಬೀದಿಯ ಮಠಗಳಲ್ಲಿ ಶಾಸ್ತ್ರ ಓದುವವರಿಗೆ ಅದೇ ಪದ ವರ್ಷಗಟ್ಟಲೆಯ ಪರಿಶ್ರಮದ ಹೆಸರು. ರೂಪನಿಷ್ಠೆ, ಅಂದರೆ ಒಳಗಿನ ಅರ್ಥಕ್ಕಿಂತ ಹೊರಗಿನ ರೂಪಕ್ಕೇ ಮಹತ್ವ ಕೊಡುವ ಫಾರ್ಮಲಿಸಂ, ಎಂಬ ಪರಿಕಲ್ಪನೆಯ ಚರಿತ್ರೆಯಲ್ಲಿಯೂ ಈ ಹಗುರ ಮತ್ತು ಈ ತೂಕ ಎರಡೂ ಇವೆ.

ಧರ್ಮದಲ್ಲಿ ಈ ಚರ್ಚೆ ಬಹಳ ಹಳೆಯದು. ವೇದಮಂತ್ರಗಳ ಪದಗಳನ್ನಾಗಲಿ ಅವುಗಳ ಕ್ರಮವನ್ನಾಗಲಿ ಬದಲಿಸುವಂತಿಲ್ಲವಾದ್ದರಿಂದ ಅವುಗಳಿಗೆ ಅರ್ಥವಿಲ್ಲವೆಂದು ಕೌತ್ಸನೆಂಬ ಪ್ರಾಚೀನ ವಿದ್ವಾಂಸ ವಾದಿಸಿದ್ದನು. ಯಾಸ್ಕನು ವೇದದ ಪದಗಳ ಅರ್ಥ ವಿವರಿಸುವ ತನ್ನ ನಿರುಕ್ತದಲ್ಲಿ ಇದಕ್ಕೆ ಉತ್ತರಿಸುತ್ತ, ‘ಪಿತಾಪುತ್ರೌ’ (ತಂದೆ-ಮಗ) ಎಂಬಂಥ ಲೋಕದ ಮಾತಿನಲ್ಲಿಯೂ ಕ್ರಮ ಸ್ಥಿರವಾಗಿರುತ್ತದೆ, ಕುರುಡನಿಗೆ ಕಂಬ ಕಾಣದಿದ್ದರೆ ಅದು ಕಂಬದ ತಪ್ಪಲ್ಲ ಎಂದನು. ಮುಂದೆ ಹರಿದಾಸರು ಭಕ್ತಿಯಿಲ್ಲದ ಮಡಿ-ಸ್ನಾನಗಳನ್ನು ಖಂಡಿಸಿದಾಗ ರೂಪನಿಷ್ಠೆಯೆಂಬುದು ಆಕ್ಷೇಪದ ವಸ್ತುವಾಯಿತು.

ತತ್ತ್ವಶಾಸ್ತ್ರದಲ್ಲಿ, ಎಲ್ಲರಿಗೂ ಒಂದೇ ಆಗಬಲ್ಲ ನಿಯಮದಂತೆ ನಡೆಯಬೇಕೆಂಬ ಕಾಂಟ್‌ನ ನೀತಿಯನ್ನು ಹೆಗೆಲ್ ಬರಿದಾದ ರೂಪವೆಂದು ಟೀಕಿಸಿದನು. 1920ರ ದಶಕದಲ್ಲಿ ಗಣಿತಜ್ಞ ಹಿಲ್ಬರ್ಟ್ ಗಣಿತವನ್ನು ನಿಯಮಬದ್ಧ ಚಿಹ್ನೆಗಳ ವ್ಯವಸ್ಥೆಯಾಗಿ ಭದ್ರಪಡಿಸಲು ಹೊರಟನು. ಅಂಥ ವ್ಯವಸ್ಥೆಗೆ ಮೀರಲಾಗದ ಮಿತಿಗಳಿವೆಯೆಂದು 1931ರಲ್ಲಿ ತರ್ಕಶಾಸ್ತ್ರಜ್ಞ ಗೋಡೆಲ್ ಸಾಧಿಸಿದನು.

ಕಲೆಯಲ್ಲಿ ಈ ಪದಕ್ಕೆ ಒದಗಿದ ಪಾಡು ಇನ್ನೂ ಕಠೋರ. ರೂಢಿಯಿಂದ ಕಾಣದಂತಾದುದನ್ನು ಅಪರಿಚಿತಗೊಳಿಸಿ ಮತ್ತೆ ಕಾಣಿಸುವುದೇ ಕಲೆಯ ಕೆಲಸವೆಂದು 1917ರಲ್ಲಿ ರಷ್ಯದ ಸಾಹಿತ್ಯ ವಿಮರ್ಶಕ ಶ್ಕ್ಲೋವ್‌ಸ್ಕಿ ಬರೆದನು. ಮೂರು ದಶಕ ತುಂಬುವಷ್ಟರಲ್ಲಿ ಅದೇ ನಾಡಿನಲ್ಲಿ ರೂಪವಾದಿ (ಫಾರ್ಮಲಿಸ್ಟ್) ಎಂಬುದು ಅಪರಾಧಿಯ ಹೆಸರಾಗಿತ್ತು. 1948ರ ಕಮ್ಯುನಿಸ್ಟ್ ಪಕ್ಷದ ನಿರ್ಣಯವು ಶೋಸ್ತಕೋವಿಚ್, ಪ್ರೊಕೋಫಿಯೆವ್‌ರಂಥ ಸಂಗೀತಗಾರರ ಮೇಲೆಯೇ ಈ ಆರೋಪ ಹೊರಿಸಿತು.

ನಮ್ಮ ಕರಾವಳಿಯ ಯಕ್ಷಗಾನದ ಭಾಷೆಯಲ್ಲಿ ಈ ಇಡೀ ವಿವಾದವನ್ನು ಎರಡು ಪದಗಳಲ್ಲಿ ಹೇಳಬಹುದು: ವೇಷ ಕಟ್ಟಿ ಕುಣಿಯುವ ವೇಷಧಾರಿ, ಪದ್ಯದ ಅರ್ಥವನ್ನು ಮಾತಿನಲ್ಲಿ ಬೆಳೆಸುವ ಅರ್ಥಧಾರಿ. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಅಭಿಮನ್ಯುವಿನ ಕೇದಗೆ ಮುಂದಲೆಯೆಂಬ ಶಿರೋಭೂಷಣವನ್ನು ಪ್ರತಿ ರಾತ್ರಿಯೂ ಕಲಾವಿದನ ತಲೆಯ ಮೇಲೆಯೇ ಬಟ್ಟೆ ಸುತ್ತಿ, ಬಿಗಿದು ಕಟ್ಟುತ್ತಾರೆ; ಅವನು ರಂಗಸ್ಥಳಕ್ಕೆ ಬಂದು ಬಾಯಿ ತೆರೆಯುವ ಮೊದಲೇ ಇವನು ಎಳೆಯ ವೀರನೆಂದು ನೋಡುವವರಿಗೆ ತಿಳಿದಿರುತ್ತದೆ. ಕೋಟದ ಶಿವರಾಮ ಕಾರಂತರು ತಮ್ಮ ಬ್ಯಾಲೆ ಪ್ರಯೋಗಗಳಲ್ಲಿ ಮಾತುಗಾರಿಕೆಯನ್ನೇ ಬಿಟ್ಟು ಹಾಡು, ಕುಣಿತ, ವೇಷಗಳಿಂದ ಕಥೆ ನಡೆಸಿದ್ದು ಇದೇ ಬಲದ ಮೇಲೆ. ಯಕ್ಷಗಾನದ ವೇಷವಿಲ್ಲದ ರೂಪವಾದ ತಾಳಮದ್ದಳೆ ಇದಕ್ಕೆ ನೇರ ವಿರುದ್ಧ: ಬಣ್ಣವಿಲ್ಲ, ಗೆಜ್ಜೆಯಿಲ್ಲ, ಪಂಚೆಯುಟ್ಟು ಕುಳಿತವರ ಮಾತೇ ಎಲ್ಲ. ಹಾಗೆಂದು ಅಲ್ಲಿ ರೂಪವಿಲ್ಲವೆನ್ನಲು ನನಗೆ ಮನಸ್ಸು ಒಪ್ಪುವುದಿಲ್ಲ. ಅರ್ಥಧಾರಿ ಎಷ್ಟೇ ದೊಡ್ಡ ವಿದ್ವಾಂಸನಾಗಿದ್ದರೂ ಪದ್ಯದ ಎಲ್ಲೆಯೊಳಗೇ ಮಾತು ಬೆಳೆಸಬೇಕು. ಪದ್ಯ ಹಾಡುವ ಭಾಗವತರು ಮುಂದಿನ ಪದ್ಯ ಎತ್ತಿದೊಡನೆ ನಿಲ್ಲಿಸಬೇಕು.