ಮನೆಯಲ್ಲೇ ಕೂತು ಎಂಎಫ್‌ಎ: ಅಂಚೆ ಲಕೋಟೆಯಿಂದ ಶುರುವಾದ ಪದವಿ

ಕಥೆ, ಕವನ ಬರೆಯೋದನ್ನು ಅಂಚೆಯಲ್ಲಿ ಕಲಿಸುತ್ತೇವೆ ಅಂತ 1970ರ ಹೊತ್ತಿಗೆ ಅಮೆರಿಕದಲ್ಲಿ ಯಾರಾದರೂ ಅಂದಿದ್ದರೆ ಜನ ಅನುಮಾನದಿಂದಲೇ ನೋಡುತ್ತಿದ್ದರು. ಅದಕ್ಕೆ ಕಾರಣ ಕನೆಕ್ಟಿಕಟ್ ರಾಜ್ಯದ ವೆಸ್ಟ್‌ಪೋರ್ಟ್‌ನಲ್ಲಿದ್ದ ‘ಫೇಮಸ್ ರೈಟರ್ಸ್ ಸ್ಕೂಲ್’. ಹೆಸರಾಂತ ಲೇಖಕರ ಫೋಟೊ ಹಾಕಿ ಈ ಕಂಪನಿ ಪತ್ರಿಕೆಗಳಲ್ಲಿ ಜಾಹೀರಾತು ಕೊಡುತ್ತಿತ್ತು. ನಿಮ್ಮಲ್ಲಿ ಪ್ರತಿಭೆ ಇದೆಯಾ ಅಂತ ಪರೀಕ್ಷೆ ಮಾಡಿ ಹೇಳುತ್ತೇವೆ ಅನ್ನುತ್ತಿತ್ತು. ಪರೀಕ್ಷೆ ಬರೆದು ಕಳಿಸಿದರೆ ಮನೆಗೆ ಸೇಲ್ಸ್‌ಮನ್ ಬರುತ್ತಿದ್ದ.

1970ರ ಜುಲೈನಲ್ಲಿ ಪತ್ರಕರ್ತೆ ಜೆಸಿಕಾ ಮಿಟ್‌ಫರ್ಡ್ ‘ಅಟ್ಲಾಂಟಿಕ್’ ಮಾಸಪತ್ರಿಕೆಯಲ್ಲಿ ಇದರ ಬಣ್ಣ ಬಯಲು ಮಾಡಿದರು. ಸುಮಾರು 65,000 ವಿದ್ಯಾರ್ಥಿಗಳು. ಒಬ್ಬೊಬ್ಬರೂ ಕಟ್ಟಬೇಕಾಗಿದ್ದ ಶುಲ್ಕ 785ರಿಂದ 900 ಡಾಲರ್. ಜಾಹೀರಾತಿನಲ್ಲಿ ನಗುತ್ತಿದ್ದ ಲೇಖಕರು ವಿದ್ಯಾರ್ಥಿಗಳ ಬರಹ ನೋಡುತ್ತಲೇ ಇರಲಿಲ್ಲ. ಅವರಲ್ಲೊಬ್ಬರಾದ ಪ್ರಕಾಶಕ ಬೆನೆಟ್ ಸರ್ಫ್, ಬಂದ ಪರೀಕ್ಷೆಗಳನ್ನು ನೋಡೋಕೆ ನಮಗೆ ಪುರುಸೊತ್ತು ಎಲ್ಲಿದೆ ಎಂಬರ್ಥದಲ್ಲಿ ಮಿಟ್‌ಫರ್ಡ್ ಮುಂದೆಯೇ ಒಪ್ಪಿಕೊಂಡಿದ್ದರು! 1972ರಲ್ಲಿ ಕಂಪನಿ ದಿವಾಳಿ ಎದ್ದಿತು.

ಇದಾಗಿ ನಾಲ್ಕೇ ವರ್ಷಕ್ಕೆ ಅದೇ ಅಂಚೆಯನ್ನು ನೆಚ್ಚಿಕೊಂಡು ಇನ್ನೊಂದು ಪ್ರಯೋಗ ಶುರುವಾಯಿತು. ಇದು ಗೆದ್ದಿತು. ಇವತ್ತು ‘ಲೋ-ರೆಸಿಡೆನ್ಸಿ ಎಂಎಫ್‌ಎ’ ಅಂತ ಕರೆಯೋದು ಇದನ್ನೇ. ಎಂಎಫ್‌ಎ ಅಂದರೆ ಮಾಸ್ಟರ್ ಆಫ್ ಫೈನ್ ಆರ್ಟ್ಸ್, ಇಲ್ಲಿ ಸೃಜನಶೀಲ ಬರವಣಿಗೆಯ ಸ್ನಾತಕೋತ್ತರ ಪದವಿ, ಆದರೆ ವರ್ಷದ ಹೆಚ್ಚಿನ ದಿನ ವಿದ್ಯಾರ್ಥಿ ತನ್ನ ಮನೆಯಲ್ಲೇ ಇರುತ್ತಾನೆ.

ಬರವಣಿಗೆಗೆ ಪದವಿ ಕೊಡುವ ಪದ್ಧತಿ ಅದಕ್ಕೂ ಹಳೆಯದು. ಅಯೋವಾ ವಿಶ್ವವಿದ್ಯಾಲಯ 1922ರಲ್ಲೇ ಕಥೆ, ಕವನಗಳನ್ನೂ ಉನ್ನತ ಪದವಿಯ ಸಂಶೋಧನಾ ಪ್ರಬಂಧದ ಬದಲು ಒಪ್ಪಿಕೊಳ್ಳುತ್ತೇವೆ ಎಂದಿತ್ತು. 1936ರಲ್ಲಿ ಅಲ್ಲಿ ರೈಟರ್ಸ್ ವರ್ಕ್‌ಶಾಪ್ ಶುರುವಾಯಿತು. ಮುಂದೆ ಬಂದ ಎಷ್ಟೋ ಕೋರ್ಸುಗಳಿಗೆ ಅದೇ ಮಾದರಿ. ಆದರೆ ಎರಡು ವರ್ಷ ಅಲ್ಲೇ ಹೋಗಿ ಇರಬೇಕು. ಕೆಲಸ ಇರುವವರು, ಚಿಕ್ಕ ಮಕ್ಕಳಿರುವವರು ಏನು ಮಾಡಬೇಕು?

ಇದಕ್ಕೆ ದಾರಿ ಸಿಕ್ಕಿದ್ದು ವರ್ಮಾಂಟ್ ರಾಜ್ಯದ ಪ್ಲೇನ್‌ಫೀಲ್ಡ್ ಎಂಬ ಸಣ್ಣ ಊರಿನಲ್ಲಿ. ಅಲ್ಲಿನ ಗಾಡರ್ಡ್ ಕಾಲೇಜು 1963ರಲ್ಲಿ ವಯಸ್ಕರಿಗಾಗಿ ಒಂದು ಪದವಿ ಕೋರ್ಸ್ ತೆಗೆಯಿತು. ಅದನ್ನು ರೂಪಿಸಿದ್ದು ಎವಲಿನ್ ಬೇಟ್ಸ್. ಆರು ತಿಂಗಳಿಗೊಮ್ಮೆ ಬಂದು ಕೆಲವು ದಿನ ಇರಿ, ಉಳಿದದ್ದನ್ನು ಮನೆಯಲ್ಲಿ ಓದಿ, ಮೇಷ್ಟ್ರಿಗೆ ಪತ್ರ ಬರೆಯಿರಿ. ಇಷ್ಟೇ ಏರ್ಪಾಡು. ಮದುವೆ, ಮಕ್ಕಳು, ನೌಕರಿ ಅಂತ ಓದು ಅರ್ಧಕ್ಕೆ ನಿಂತವರಿಗೆ ಇದು ಹೇಳಿ ಮಾಡಿಸಿದಂತಿತ್ತು.

ಈ ಏರ್ಪಾಡನ್ನು ಬರವಣಿಗೆಯ ಎಂಎಫ್‌ಎಗೆ ತಂದವರು ಕವಿ ಎಲೆನ್ ಬ್ರಯಂಟ್ ವಾಯ್ಟ್. ವರ್ಷ 1976. ಅವರೇ ಅಯೋವಾದಲ್ಲಿ ಓದಿದವರು. ಗಾಡರ್ಡ್‌ನ ಆ ಮೊದಲ ವರ್ಷಗಳ ಮೇಷ್ಟ್ರುಗಳ ಪಟ್ಟಿ ನೋಡಿದರೆ ಅಚ್ಚರಿಯಾಗುತ್ತದೆ: ಕಥೆಗಾರರಾದ ರೇಮಂಡ್ ಕಾರ್ವರ್, ಟೋಬಿಯಾಸ್ ವುಲ್ಫ್, ಮುಂದೆ 2020ರಲ್ಲಿ ನೊಬೆಲ್ ಪಡೆದ ಕವಿ ಲೂಯಿಸ್ ಗ್ಲಿಕ್. ದುಡ್ಡಿಲ್ಲದ ಪುಟ್ಟ ಕಾಲೇಜಿಗೆ ಇವರೆಲ್ಲ ಹೇಗೆ ಸಿಕ್ಕರು? ಇವರೂ ಅಲ್ಲೇ ಮನೆ ಮಾಡಿ ಇರಬೇಕಾಗಿರಲಿಲ್ಲ, ಅಷ್ಟೇ. ದೂರಶಿಕ್ಷಣದಿಂದ ವಿದ್ಯಾರ್ಥಿಗಳಿಗೆ ಅನುಕೂಲ ಅನ್ನೋದು ಎಲ್ಲರಿಗೂ ಗೊತ್ತು. ಮೇಷ್ಟ್ರಿಗೂ ಅಷ್ಟೇ ಅನುಕೂಲ ಅನ್ನೋದನ್ನು ಯಾಕೋ ಯಾರೂ ಜಾಸ್ತಿ ಹೇಳುವುದಿಲ್ಲ.

ಕೋರ್ಸ್ ನಡೆಯುವ ರೀತಿ ಆಗಿನಿಂದ ಹೆಚ್ಚೇನೂ ಬದಲಾಗಿಲ್ಲ. ಸೆಮಿಸ್ಟರ್ ಶುರುವಾಗುವುದು ಕ್ಯಾಂಪಸ್‌ನಲ್ಲಿ ಸುಮಾರು 10 ದಿನದ ‘ರೆಸಿಡೆನ್ಸಿ’ಯಿಂದ. ಬೆಳಗ್ಗೆ ಉಪನ್ಯಾಸ, ಮಧ್ಯಾಹ್ನ ಒಬ್ಬರ ಬರಹವನ್ನು ಇನ್ನೊಬ್ಬರು ಚರ್ಚಿಸುವ ವರ್ಕ್‌ಶಾಪ್, ರಾತ್ರಿ ಎಲ್ಲರೆದುರು ಬರಹ ಓದುವ ಕಾರ್ಯಕ್ರಮ. ಹೊರಡುವ ಮೊದಲು ಪ್ರತಿಯೊಬ್ಬರಿಗೂ ಒಬ್ಬ ಮೇಷ್ಟ್ರನ್ನು ಗೊತ್ತುಮಾಡುತ್ತಾರೆ. ಆ ಆರು ತಿಂಗಳಲ್ಲಿ ಏನೇನು ಓದಬೇಕು ಅನ್ನೋದನ್ನು ಇಬ್ಬರೂ ಕೂತು ಪಟ್ಟಿ ಮಾಡುತ್ತಾರೆ. ಆಮೇಲೆ ಮೂರು-ನಾಲ್ಕು ವಾರಕ್ಕೊಂದು ‘ಪ್ಯಾಕೆಟ್’ ಕಳಿಸಬೇಕು. ಅದರಲ್ಲಿ ಹೊಸದಾಗಿ ಬರೆದದ್ದು, ಹಳೆಯದನ್ನು ತಿದ್ದಿದ್ದು, ಓದಿದ ಪುಸ್ತಕಗಳ ಮೇಲೆ ಪುಟ್ಟ ಟಿಪ್ಪಣಿ, ಎಲ್ಲಿ ಸಿಕ್ಕಿಕೊಂಡಿದ್ದೇನೆ ಅಂತ ಹೇಳುವ ಒಂದು ಪತ್ರ ಇರುತ್ತದೆ. ಮೇಷ್ಟ್ರು ಅಂಚಿನಲ್ಲಿ ಗುರುತು ಹಾಕಿ, ಜೊತೆಗೆ ಕೆಲವು ಪುಟದ ಉತ್ತರ ಬರೆದು ವಾಪಸ್ ಕಳಿಸುತ್ತಾರೆ. ಒಬ್ಬ ಮೇಷ್ಟ್ರ ಪಾಲಿಗೆ ಸಾಮಾನ್ಯವಾಗಿ ಐದು ಜನ, ಕೆಲವು ಕಡೆ ಇನ್ನೂ ಕಡಿಮೆ. ವಿದ್ಯಾರ್ಥಿ ವಾರಕ್ಕೆ 25 ಗಂಟೆಯಾದರೂ ಇದಕ್ಕೆ ಇಡಬೇಕು ಅಂತ ಎಷ್ಟೋ ಕಾಲೇಜುಗಳು ಮೊದಲೇ ಹೇಳಿಬಿಡುತ್ತವೆ. ಹೀಗೆ ನಾಲ್ಕು ಸೆಮಿಸ್ಟರ್. ಕೊನೆಗೆ ಪುಸ್ತಕವಾಗಬಲ್ಲ ಒಂದು ಹಸ್ತಪ್ರತಿ, ಒಂದು ದೊಡ್ಡ ವಿಮರ್ಶಾ ಪ್ರಬಂಧ. ಸಾಮಾನ್ಯವಾಗಿ ಐದನೇ ಸಲ ಬಂದು ತಾನೇ ಒಂದು ಪಾಠ ಮಾಡಿ, ತನ್ನ ಬರಹ ಓದಿ ಪದವಿ ತಗೊಂಡು ಹೋಗಬೇಕು.

ಫೇಮಸ್ ರೈಟರ್ಸ್ ಸ್ಕೂಲ್‌ಗೂ ಇದಕ್ಕೂ ಇರುವ ವ್ಯತ್ಯಾಸ ಆ ‘ಐದು ಜನ’ದಲ್ಲಿದೆ. 65,000 ಜನರ ಲಕೋಟೆ ಒಡೆಯೋಕೆ ಲೇಖಕರಿಗೆ ಆಗೋದಿಲ್ಲ. ಐದು ಜನರದ್ದು ಆಗುತ್ತದೆ. ನನಗಂತೂ ಹನ್ನೆರಡು ಜನ ಸಹಪಾಠಿಗಳ ಆತುರದ ಅಭಿಪ್ರಾಯಕ್ಕಿಂತ ಒಬ್ಬ ಒಳ್ಳೆಯ ಓದುಗ ಎರಡೆರಡು ಸಲ ಓದಿ ಬರೆದ ಪತ್ರವೇ ಮೇಲು ಅನ್ನಿಸುತ್ತದೆ. ಅಪಾಯವೂ ಅಲ್ಲೇ ಇದೆ. ಮೇಷ್ಟ್ರು ಸೋಮಾರಿಯಾದರೆ, ಇಬ್ಬರಿಗೂ ಹೊಂದದೇ ಹೋದರೆ, ಆ ಸೆಮಿಸ್ಟರ್ ಕೈಬಿಟ್ಟು ಹೋದ ಹಾಗೆ.

ಗಾಡರ್ಡ್‌ಗೆ ಹಣದ ಮುಗ್ಗಟ್ಟು ಬಿಡಲಿಲ್ಲ. 1981ರಲ್ಲಿ ವಾಯ್ಟ್ ಕಟ್ಟಿದ ಎಂಎಫ್‌ಎ ಉತ್ತರ ಕ್ಯಾರೊಲೈನಾದ ವಾರನ್ ವಿಲ್ಸನ್ ಕಾಲೇಜಿಗೆ ಹೋಯಿತು. ಅದೇ ವರ್ಷ ಪ್ಲೇನ್‌ಫೀಲ್ಡ್‌ಗೆ ಹತ್ತಿರದ ಮಾಂಟ್‌ಪೆಲಿಯರ್‌ನಲ್ಲಿ ವರ್ಮಾಂಟ್ ಕಾಲೇಜೂ ಒಂದು ಕೋರ್ಸ್ ತೆಗೆಯಿತು. 1994ರಲ್ಲಿ ಬೆನಿಂಗ್ಟನ್ ಕಾಲೇಜಿನ ಕೋರ್ಸ್ ಬಂತು. 2000ದ ನಂತರ ಅಂತೂ ಸಾಲುಸಾಲಾಗಿ ಹೊಸ ಕೋರ್ಸುಗಳು. ಚಳಿಗಾಲ, ಬೇಸಿಗೆ ರಜೆಯಲ್ಲಿ ಹಾಸ್ಟೆಲ್ ಸುಮ್ನೆ ಖಾಲಿ ಬಿದ್ದಿರುತ್ತದೆ. ಅದನ್ನೇ ರೆಸಿಡೆನ್ಸಿಗೆ ಕೊಟ್ಟರೆ ಆಯಿತು. ಕಾಯಂ ಮೇಷ್ಟ್ರುಗಳನ್ನು ಹೆಚ್ಚು ಇಟ್ಟುಕೊಳ್ಳಬೇಕಾಗಿಯೂ ಇಲ್ಲ. ಕಾಲೇಜುಗಳ ಉತ್ಸಾಹದ ಹಿಂದೆ ಈ ಲೆಕ್ಕಾಚಾರವೂ ಇತ್ತು.

ಇಮೇಲ್ ಬಂದು ಅಂಚೆಯನ್ನು ತೆಗೆದುಹಾಕಿತು. ಪ್ಯಾಕೆಟ್ ಅನ್ನೋ ಹೆಸರು ಮಾತ್ರ ಉಳಿಯಿತು. 2020ರ ಕೋವಿಡ್‌ನಲ್ಲಿ ರೆಸಿಡೆನ್ಸಿಯೂ ವಿಡಿಯೊ ಕರೆಗೆ ಹೋಯಿತು.

ಈ ಕೋರ್ಸುಗಳಿಗೆ ಪೆಟ್ಟು ಕೊಟ್ಟಿದ್ದು ದುಡ್ಡು. ಕ್ಯಾಂಪಸ್‌ನಲ್ಲೇ ಓದುವ ಎಷ್ಟೋ ಎಂಎಫ್‌ಎ ಕೋರ್ಸುಗಳಲ್ಲಿ ಶುಲ್ಕ ಮಾಫಿ ಇರುತ್ತದೆ. ಪದವಿ ತರಗತಿಗಳಿಗೆ ಪಾಠ ಮಾಡಿದ್ದಕ್ಕೆ ಸಂಬಳವೂ ಸಿಗುತ್ತದೆ. ದೂರದಿಂದ ಓದುವವರಿಗೆ ಸಾಮಾನ್ಯವಾಗಿ ಎರಡೂ ಇಲ್ಲ, ಪಾಠ ಮಾಡಿದ ಅನುಭವವೂ ಸಿಗೋದಿಲ್ಲ. ಹೆಚ್ಚಿನವರು ಕೈಯಿಂದ ಕಟ್ಟಬೇಕು, ಇಲ್ಲವೇ ಸಾಲ ಮಾಡಬೇಕು. 1970ರ ದಶಕದ ಆರಂಭದಲ್ಲಿ 1,900ಕ್ಕೂ ಹೆಚ್ಚು ವಿದ್ಯಾರ್ಥಿಗಳಿದ್ದ ಗಾಡರ್ಡ್‌ನಲ್ಲಿ 2024ರ ಹೊತ್ತಿಗೆ ಉಳಿದಿದ್ದವರು ಸುಮಾರು 220. ಆ ವರ್ಷ ಕಾಲೇಜು ಮುಚ್ಚಿತು.

ಸಾಲದ ನಿಯಮವೂ ಬಿಗಿಯಾಗಿದೆ. ಮೊದಲು ‘ಗ್ರ್ಯಾಡ್ ಪ್ಲಸ್’ ಯೋಜನೆಯಲ್ಲಿ ಓದಿನ ಪೂರ್ತಿ ಖರ್ಚಿನಷ್ಟು ಸರ್ಕಾರಿ ಸಾಲ ಸಿಗುತ್ತಿತ್ತು. 2025ರ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸಬರಿಗೆ ಆ ಸಾಲ ಇಲ್ಲ. ಎಂಎಫ್‌ಎಯಂಥ ಕೋರ್ಸಿಗೆ ವರ್ಷಕ್ಕೆ 20,500 ಡಾಲರ್ ಮಿತಿ. ಎರಡು ರೆಸಿಡೆನ್ಸಿಗೆ ಹೋಗಿಬರುವ ಖರ್ಚೂ ಸೇರಿದಂತೆ ಇದನ್ನು ಮೀರಿದ್ದನ್ನು ಜೇಬಿನಿಂದಲೋ ಖಾಸಗಿ ಬ್ಯಾಂಕಿನ ಸಾಲದಿಂದಲೋ ಹೊಂದಿಸಿಕೊಳ್ಳಬೇಕು.